ಕೆನಡಾದಲ್ಲೇ ತಯಾರಾದ ಕಾರನ್ನ ಕೆನಡಾಗೆ ಇಂಪೋರ್ಟ್ ಮಾಡಿದ್ದು

ಕಾರಿಗೆ ವಿಐಎನ್ ನಂಬರ್ ಅಂತ ಒಂದಿರುತ್ತಲ್ಲ, ಡ್ಯಾಶ್‌ಬೋರ್ಡ್ ಮೇಲೆ ಮುಂದಿನ ಗ್ಲಾಸಿನ ಮೂಲೇಲಿ ಕಾಣೋ 17 ಅಕ್ಷರದ್ದು, ಅದರ ಮೊದಲನೇ ಅಂಕಿ ನೋಡಿದ್ರೆ ಗಾಡಿ ಎಲ್ಲಿ ತಯಾರಾಗಿದ್ದು ಅಂತ ಗೊತ್ತಾಗುತ್ತೆ. 1, 4, 5 ಇದ್ರೆ ಅಮೆರಿಕ, 3 ಇದ್ರೆ ಮೆಕ್ಸಿಕೋ, 2 ಇದ್ರೆ ಕೆನಡಾ. ನಮ್ಮ ಭಾವನ ಹತ್ರ ಇದ್ದ ಡಾಡ್ಜ್ ಗ್ರ್ಯಾಂಡ್ ಕ್ಯಾರವಾನ್ ನಂಬರ್ ಶುರುವಾಗೋದು 2ರಿಂದ. ಅಂದ್ರೆ ಇಲ್ಲೇ ಕೆನಡಾದಲ್ಲಿ, ನಾವಿರೋ ಒಂಟಾರಿಯೋ ಪ್ರಾಂತ್ಯದ ವಿಂಡ್ಸರ್ ಫ್ಯಾಕ್ಟರೀಲಿ ತಯಾರಾಗಿ, ಗಡೀಲಿರೋ ನದಿ ದಾಟಿ ಅಮೆರಿಕಕ್ಕೆ ಹೋಗಿ, ಪೆನ್ಸಿಲ್ವೇನಿಯಾದಲ್ಲಿ ಮಾರಾಟ ಆಗಿ, ಪಿಟ್ಸ್‌ಬರ್ಗ್ ಹತ್ರ ನಮ್ಮಕ್ಕನ ಮನೇಲಿ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಕರ್ಕೊಂಡು ಬಂದು ಮಾಡ್ಕೊಂಡಿದ್ದ ಗಾಡಿ ಅದು. ಅಕ್ಕ ಭಾವ ಊರಿಗೆ ವಾಪಸ್ ಹೋಗೋದು ಅಂತ ತೀರ್ಮಾನ ಮಾಡಿದಾಗ ಅದನ್ನ ನಾವು ತಗೊಳ್ಳೋದು ಅಂತ ಆಯ್ತು. ಕೋವಿಡ್ ಆದ್ಮೇಲೆ ಇಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗಳ ರೇಟ್ ಎಲ್ಲಿಗೋ ಹೋಗಿತ್ತು, ನಮಗೂ ಮಗು ಆಗಿತ್ತು, ಮೇಲಾಗಿ ಆ ವ್ಯಾನ್‌ನ ಆಯಿಲ್ ಚೇಂಜ್ ಯಾವಾಗ ಆಯ್ತು, ಬ್ರೇಕ್ ಪ್ಯಾಡ್ ಯಾವಾಗ ಹಾಕಿಸಿದ್ದು ಅನ್ನೋದೆಲ್ಲ ಭಾವ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ರು, ಅಂಥ ಗಾಡಿ ಹೊರಗೆ ಎಲ್ಲಿ ಸಿಗುತ್ತೆ ಹೇಳಿ.

ನಾನು ಅಂದುಕೊಂಡಿದ್ದು ಇಷ್ಟೇ, ಈ ಗಾಡಿ ಹುಟ್ಟಿದ್ದೇ ಇಲ್ಲಿ, ಇದನ್ನ ವಾಪಸ್ ತರೋದಕ್ಕೆ ಅಂಥ ತಲೆನೋವು ಏನಿರುತ್ತೆ ಅಂತ. ಆದ್ರೆ ಗಾಡಿ ಎಲ್ಲಿ ಹುಟ್ಟಿದ್ದು ಅನ್ನೋದು ಲೆಕ್ಕಕ್ಕೆ ಬರೋದು ಬರೀ ಸುಂಕದ ವಿಷಯಕ್ಕೆ ಮಾತ್ರ. ಉತ್ತರ ಅಮೆರಿಕದಲ್ಲಿ ತಯಾರಾಗದ ಗಾಡಿ ಆದ್ರೆ ಶೇಕಡಾ 6.1 ಸುಂಕ, ನಮ್ಮದಕ್ಕೆ ಅದಿಲ್ಲ. ಉಳಿದ ಎಲ್ಲಾ ವಿಷಯದಲ್ಲೂ ಅದು ಅಮೆರಿಕದ ಗಾಡಿ, ಯಾಕಂದ್ರೆ ಫ್ಯಾಕ್ಟರೀಲಿ ಅದನ್ನ ಅಮೆರಿಕದ ರೂಲ್ಸ್ ಪ್ರಕಾರ ಜೋಡಿಸಿ, ಬಾಗಿಲ ಪಕ್ಕ ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ಸರಿಯಿದೆ ಅಂತ ಸ್ಟಿಕ್ಕರ್ ಅಂಟಿಸಿರ್ತಾರೆ. ಅದೇ ಅಸೆಂಬ್ಲಿ ಲೈನಲ್ಲಿ ಅದರ ಹಿಂದೆ ಬಂದ ಗಾಡಿಗೆ ಕೆನಡಾ ಸ್ಟಿಕ್ಕರ್ ಅಂಟಿರಬಹುದು, ಆ ಸ್ಟಿಕ್ಕರ್ ವ್ಯತ್ಯಾಸದ ಮೇಲೆ ಮುಂದಿನದೆಲ್ಲಾ ನಿಂತಿದೆ.

ಇದರ ಹಿಂದಿನ ಚರಿತ್ರೆ ಓದ್ತಾ ಹೋದಾಗ ನನಗೆ ಬಹಳ ಆಸಕ್ತಿ ಹುಟ್ಟಿದ್ದು 1965ರ ಆಟೋ ಪ್ಯಾಕ್ಟ್ ಬಗ್ಗೆ. ಆ ವರ್ಷ ಜನವರೀಲಿ ಕೆನಡಾದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಮತ್ತೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಒಪ್ಪಂದ. ಅಲ್ಲಿಂದ ಮುಂದೆ ಕಾರುಗಳು, ಬಿಡಿಭಾಗಗಳು ಸುಂಕ ಇಲ್ಲದೆ ಗಡಿ ದಾಟೋಕೆ ಶುರುವಾಯ್ತು, ಎರಡು ದೇಶದ ಕಾರು ಉದ್ಯಮ ಒಂದೇ ಆಗೋಯ್ತು ಅನ್ನಬಹುದು. ಆದ್ರೆ ಆ ಸೌಲಭ್ಯ ಇದ್ದಿದ್ದು ತಯಾರಕರಿಗೆ. ನನ್ನ ನಿಮ್ಮಂಥವರು ಆಚೆ ಹೋಗಿ ಒಂದು ಕಾರು ತಗೊಂಡು ಬರ್ತೀವಿ ಅಂದ್ರೆ ಅದು ಅನ್ವಯ ಆಗ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರಂತೂ ತುಂಬಾ ಹಳೇದಲ್ಲದಿದ್ರೆ ಕೆನಡಾಗೆ ತರೋದಕ್ಕೇ ಬಿಡ್ತಿರಲಿಲ್ಲ, 1989ರಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದ ಆದ್ಮೇಲೇ ಆ ನಿಷೇಧವನ್ನ ಹಂತಹಂತವಾಗಿ, ಮೊದಲು ಹಳೇ ಗಾಡಿಗಳಿಗೆ ಆಮೇಲೆ ಹೊಸವಕ್ಕೆ ಅಂತ, ಸಡಿಲ ಮಾಡಿದ್ದು. ಅಂದ್ರೆ ಕಂಪನಿಗಳಿಗೆ ಗಡಿ ಇಲ್ಲದೆ ಇಪ್ಪತ್ತು ಚಿಲ್ಲರೆ ವರ್ಷ ಆಗಿತ್ತು, ಕಾರು ಕೊಳ್ಳೋ ಮನುಷ್ಯನಿಗೆ ಆಗ ಗೇಟು ತೆಗೆಯೋಕೆ ಶುರುವಾಯ್ತು. 2022ರ ಫೆಬ್ರವರೀಲಿ ಪ್ರತಿಭಟನೆ ಮಾಡೋರು ವಿಂಡ್ಸರನ್ನ ಅಮೆರಿಕದ ಡೆಟ್ರಾಯ್ಟಿಗೆ ಸೇರಿಸೋ ಅಂಬಾಸಿಡರ್ ಬ್ರಿಡ್ಜ್ ಅಡ್ಡಗಟ್ಟಿದಾಗ ಕೆಲವೇ ದಿನದಲ್ಲಿ ಎರಡೂ ಕಡೆ ಕಾರ್ ಫ್ಯಾಕ್ಟರಿಗಳು ಶಿಫ್ಟ್ ನಿಲ್ಲಿಸಬೇಕಾಯ್ತು, ಅಷ್ಟು ಬಿಡಿಭಾಗ ದಿನಾ ಆ ಸೇತುವೆ ಮೇಲೆ ಆಚೆ ಈಚೆ ಓಡಾಡುತ್ತೆ.

ಸರಿ, ನಮ್ಮ ವಿಷಯಕ್ಕೆ ಬರ್ತೀನಿ. ಮೊದಲ ಕೆಲಸ ಅಮೆರಿಕದಿಂದ ಗಾಡಿ ಹೊರಗೆ ತೆಗೆಯೋದು. ಇದನ್ನ ಬಹಳ ಜನ ಮರೀತಾರೆ, ಎಲ್ಲರೂ ಯೋಚನೆ ಮಾಡೋದು ಕೆನಡಾ ಒಳಗೆ ಬಿಡ್ತಾರಾ ಅಂತ. ಅಮೆರಿಕದ ಕಸ್ಟಮ್ಸ್‌ನವರಿಗೆ ಗಾಡಿ ಗಡಿ ದಾಟೋಕೆ 72 ಗಂಟೆ ಮುಂಚೆ ಟೈಟಲ್ (ಗಾಡಿ ಯಾರದ್ದು ಅನ್ನೋ ಮಾಲೀಕತ್ವದ ಪತ್ರ) ಕಾಪಿ ಎಲ್ಲಾ ಕಳಿಸಿರಬೇಕು, ಅದಕ್ಕೆ ಮೊದಲು ಎಕ್ಸ್‌ಪೋರ್ಟ್ ಫೈಲಿಂಗ್ ಮಾಡಿ ಐಟಿಎನ್ ಅನ್ನೋ ನಂಬರ್ ತಗೊಂಡಿರಬೇಕು (ನಾವು ಅದನ್ನ ಬ್ರೋಕರ್ ಕೈಲಿ ಮಾಡಿಸಿದ್ವಿ), ಆಮೇಲೆ ಗಡೀಲಿ ಗಾಡೀನೂ ಒರಿಜಿನಲ್ ಟೈಟಲ್ಲೂ ಎರಡನ್ನೂ ತೋರಿಸಿ ಟೈಟಲ್ ಮೇಲೆ ಸೀಲ್ ಹಾಕಿಸ್ಕೋಬೇಕು. ಭಾವನಿಗೆ ಇದನ್ನೆಲ್ಲಾ ಫೋನಲ್ಲಿ ಹೇಳಿದಾಗ ಅವರು, "ಅಲ್ಲೋ, ನಾನೇನು ಕದ್ದ ಗಾಡಿ ಕೊಡ್ತಾ ಇದೀನಾ ನಿನಗೆ?" ಅಂದ್ರು. ನಾನು, "ಇಲ್ಲ ಭಾವ, ಅವರಿಗೆ ನೀವು ಯಾರು ಅಂತ ಗೊತ್ತಿಲ್ವಲ್ಲ" ಅಂದೆ.

ಅವರು ಕೇಳಿದ ಆ ಪ್ರಶ್ನೆಯಲ್ಲೇ ಉತ್ತರಾನೂ ಇದೆ. ಆ 72 ಗಂಟೆ ಇರೋದೇ ಗಾಡಿ ಕದ್ದಿದ್ದಾ ಅಲ್ವಾ ಅಂತ ನೋಡೋಕೆ. ಅಮೆರಿಕದಲ್ಲಿ ಎಂಬತ್ತರ ದಶಕದಲ್ಲಿ, ತೊಂಬತ್ತರ ಶುರುವಲ್ಲಿ ಕಾರು ಕಳ್ಳತನ ವಿಪರೀತ ಆಗಿ, 1992ರಲ್ಲಿ ಅದಕ್ಕೆ ಅಂತಲೇ ಒಂದು ಕಾಯ್ದೆ ಬಂತು, ರಾಜ್ಯ ರಾಜ್ಯಗಳ ಟೈಟಲ್ ಮಾಹಿತಿಯನ್ನ ಒಂದು ಕಡೆ ಸೇರಿಸೋ ವ್ಯವಸ್ಥೆಗೂ ಅದೇ ದಾರಿ ಮಾಡ್ತು. ಕದ್ದ ಗಾಡಿ ದೇಶ ಬಿಟ್ಟು ಹೋದ್ರೆ ಮತ್ತೆ ಸಿಗಲ್ಲ, ಹಾಗಾಗಿ ಹೊರಗೆ ಹೋಗೋ ಬಾಗಿಲಲ್ಲೇ ಹಿಡೀಬೇಕು ಅನ್ನೋದು ಲೆಕ್ಕ. ಕೆನಡಾದಲ್ಲಿ ಈಗೀಗ ಏನಾಗ್ತಿದೆ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಇಲ್ಲಿ ಮನೆ ಮುಂದೆ ನಿಲ್ಸಿದ ಎಸ್‌ಯುವಿಗಳನ್ನ ರಾತ್ರೋರಾತ್ರಿ ಕದ್ದು ಕಂಟೇನರಲ್ಲಿ ತುಂಬಿ ಮಾಂಟ್ರಿಯಲ್ ಬಂದರಿಂದ ಹಡಗು ಹತ್ತಿಸ್ತಾರೆ, ಅದು ಎಷ್ಟು ದೊಡ್ಡದಾಯ್ತು ಅಂದ್ರೆ 2024ರ ಫೆಬ್ರವರೀಲಿ ಒಟ್ಟಾವಾದಲ್ಲಿ ಕಾರು ಕಳ್ಳತನ ತಡೆಯೋದು ಹೇಗೆ ಅಂತಲೇ ಫೆಡರಲ್ ಸರ್ಕಾರ ಒಂದು ರಾಷ್ಟ್ರೀಯ ಸಭೆ ಕರೀಬೇಕಾಯ್ತು. ನಮ್ಮ ಬೀದೀಲೂ ಕಳ್ಳತನ ಆಗಿದೆ. ಹೊರಗೆ ಹೋಗೋ ಗಾಡೀನ ತಡೆದು ಕಾಗದ ಕೇಳೋ ಆಫೀಸರ್ ಮೇಲೆ ನನಗೆ ಈಗ ಸಿಟ್ಟು ಬರಲ್ಲ.

ಪೆನ್ಸಿಲ್ವೇನಿಯಾದ್ದೇ ಒಂದು ವಿಶೇಷ ಅಂದ್ರೆ ಅಲ್ಲಿ ಟೈಟಲ್ ಬರೆದುಕೊಡೋವಾಗ ಮಾರೋರ ಸಹಿ ನೋಟರಿ ಮುಂದೆ ಆಗಬೇಕು. ಅಕ್ಕ ಭಾವ ಇಬ್ಬರ ಹೆಸರೂ ಟೈಟಲಲ್ಲಿ ಇತ್ತು, ಇಬ್ಬರೂ ಹೋಗಿ ಸಹಿ ಮಾಡಿದ್ರು. ಅಕ್ಕ ನನಗೆ ಸುಮ್ನೆ ಕೊಡ್ತೀನಿ ಅಂತ ಹಠ ಮಾಡಿದ್ಲು, "ನಿನಗೆ ಮಾರೋದೇನೋ, ಒಂದು ಡಾಲರ್ ಅಂತ ಬರೀತೀನಿ" ಅಂತ. ಅದು ನಡೆಯಲ್ಲ ಕಣೇ ಅಂದೆ, ಕೆನಡಾ ಕಸ್ಟಮ್ಸ್ ಗಿಫ್ಟ್ ಆದ್ರೂ ಗಾಡಿಯ ಮಾರ್ಕೆಟ್ ಬೆಲೆ ನೋಡಿಯೇ ಟ್ಯಾಕ್ಸ್ ಹಾಕೋದು. ಕೊನೆಗೆ ಒಂದು ನ್ಯಾಯವಾದ ಬೆಲೆ ಬರೆದು, ದುಡ್ಡು ಬ್ಯಾಂಕಲ್ಲೇ ಕಳಿಸಿ, ಬಿಲ್ ಆಫ್ ಸೇಲ್ ಮಾಡಿ ಇಟ್ಕೊಂಡ್ವಿ. ಒಡಹುಟ್ಟಿದವರ ಮಧ್ಯೆ ಕಾಗದ ಯಾಕೆ ಅನ್ನಿಸಬಹುದು, ಆದ್ರೆ ಗಡೀಲಿ ಕೂತಿರೋರಿಗೆ ನಮ್ಮ ಸಂಬಂಧ ಕಾಣೋದು ಆ ಕಾಗದದಲ್ಲೇ.

ಪೀಸ್ ಬ್ರಿಡ್ಜ್ ದಾಟಿ ಫೋರ್ಟ್ ಈರಿ ಕಡೆ ಬಂದ್ಮೇಲೆ ಫಾರ್ಮ್ 1 ಅಂತ ವೆಹಿಕಲ್ ಇಂಪೋರ್ಟ್ ಫಾರ್ಮ್ ಮಾಡ್ತಾರೆ, ಶೇಕಡಾ 5 ಜಿಎಸ್‌ಟಿ ಕಟ್ಟಿಸ್ಕೋತಾರೆ, ಗಾಡೀಲಿ ಎಸಿ ಇದ್ರೆ ಇನ್ನೊಂದು 100 ಡಾಲರ್ ಎಕ್ಸೈಸ್ ಟ್ಯಾಕ್ಸ್. ಒಂಟಾರಿಯೋದ ಪಾಲಿನ ಶೇಕಡಾ 8 ಗಾಡಿ ರಿಜಿಸ್ಟರ್ ಮಾಡಿಸೋವಾಗ ಕಟ್ಟೋದು. ಇದೆಲ್ಲಾ ಬೇಗ ಮುಗೀತು. ಹಿಂದಿನ ಸೀಟಲ್ಲಿ ಅಕ್ಕನ ಮಕ್ಕಳು ಅಂಟಿಸಿದ್ದ ಡೈನೋಸಾರ್ ಸ್ಟಿಕ್ಕರ್ ನೋಡಿ ಆಫೀಸರಮ್ಮ ನಕ್ಕು ಕಳಿಸಿದ್ರು.

ಆಮೇಲೆ ಬರೋದೇ ಆರ್‌ಐವಿ. ಇಂಪೋರ್ಟ್ ಆದ ವಾಹನಗಳ ರಿಜಿಸ್ಟ್ರಾರ್ ಅಂತ, ಟ್ರಾನ್ಸ್‌ಪೋರ್ಟ್ ಕೆನಡಾ (ಇಲ್ಲಿನ ಕೇಂದ್ರ ಸಾರಿಗೆ ಇಲಾಖೆ) ಪರವಾಗಿ 1995ರಿಂದ ನಡೀತಿರೋ ವ್ಯವಸ್ಥೆ. ಗಾಡಿ ಒಳಗೆ ಬಂದ 45 ದಿನದೊಳಗೆ ಅವರು ಹೇಳಿದ ಜಾಗದಲ್ಲಿ ಇನ್‌ಸ್ಪೆಕ್ಷನ್ ಮಾಡಿಸಿ, ಅಮೆರಿಕದ ಗಾಡೀಲಿ ಇಲ್ಲದೇ ಇರೋ, ಕೆನಡಾ ಕೇಳೋ ವಸ್ತುಗಳನ್ನ ಸೇರಿಸಿ ಪಾಸ್ ಮಾಡಿಸಬೇಕು. ಆ ಪಟ್ಟಿ ನೋಡಿದಾಗ ಮೊದಲು ಅನಿಸಿದ್ದು, ಇಷ್ಟು ಸಣ್ಣ ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಗಲಾಟೆನಾ ಅಂತ. ಆದ್ರೆ ಒಂದೊಂದರ ಹಿಂದೆ ಹೋಗಿ ಓದ್ತಾ ಓದ್ತಾ ನನ್ನ ಮನಸ್ಸು ಪೂರ್ತಿ ಬದಲಾಯ್ತು, ಈ ಬರಹ ಬರೀಬೇಕು ಅನಿಸಿದ್ದೂ ಅದಕ್ಕೇ.

ಹಗಲು ದೀಪ ತಗೊಳ್ಳಿ. 1989ರ ಡಿಸೆಂಬರ್ 1ರ ನಂತರ ಕೆನಡಾಗೆ ಅಂತ ತಯಾರಾದ ಕಾರುಗಳಲ್ಲಿ ಎಂಜಿನ್ ಶುರು ಮಾಡಿದ ಕೂಡ್ಲೇ ಮುಂದಿನ ದೀಪ ತಾನಾಗೇ ಹತ್ತಬೇಕು. ಅಮೆರಿಕದಲ್ಲಿ ಅದನ್ನ ಹಾಕಬಹುದು ಅಂತ ಇದೆ, ಹಾಕಲೇಬೇಕು ಅಂತಿಲ್ಲ. ಇದರ ಮೂಲ ಉತ್ತರ ಯುರೋಪಲ್ಲಿದೆ, ಫಿನ್ಲೆಂಡ್ 1972ರಲ್ಲೇ ಚಳಿಗಾಲದಲ್ಲಿ ಊರಾಚೆ ರಸ್ತೇಲಿ ಹಗಲೂ ದೀಪ ಹಾಕಬೇಕು ಅಂತ ಮಾಡ್ತು, ಸ್ವೀಡನ್ 1977ರಲ್ಲಿ ವರ್ಷಪೂರ್ತಿ ಅಂತ ಮಾಡ್ತು. ಅಲ್ಲೂ ಇಲ್ಲೂ ಒಂದೇ ಸಮಸ್ಯೆ, ಚಳಿಗಾಲದಲ್ಲಿ ಸೂರ್ಯ ತಲೆ ಮೇಲೆ ಬರೋದೇ ಇಲ್ಲ, ಕ್ಷಿತಿಜದ ಹತ್ರಾನೇ ಓಡಾಡ್ತಾ ಇರ್ತಾನೆ, ಮಧ್ಯಾಹ್ನಾನೂ ಬೆಳಕು ಓರೆಯಾಗಿ ಕಣ್ಣಿಗೇ ಹೊಡೆಯುತ್ತೆ, ಇಲ್ಲಾ ಮೋಡ ಮುಚ್ಚಿ ರಸ್ತೆ, ಹಿಮ, ಎದುರಿಂದ ಬರೋ ಬೂದು ಬಣ್ಣದ ಕಾರು ಎಲ್ಲಾ ಒಂದೇ ಬಣ್ಣ ಆಗಿರುತ್ತೆ. ಡಿಸೆಂಬರಲ್ಲಿ ಎರಡು ಲೇನ್ ರಸ್ತೇಲಿ ಮುಂದಿನ ಲಾರಿ ಓವರ್‌ಟೇಕ್ ಮಾಡೋಕೆ ಹೊರಟಿದ್ದವರಿಗೆ ಆ ದೀಪದ ಬೆಲೆ ಏನು ಅಂತ ಗೊತ್ತು. ಆಮೇಲೆ ಅದರಿಂದಲೇ ಇನ್ನೊಂದು ಸಮಸ್ಯೆ ಹುಟ್ಕೊಳ್ತು. ಮುಂದಿನ ದೀಪ ಹತ್ತಿರೋದ್ರಿಂದ, ಡ್ಯಾಶ್‌ಬೋರ್ಡೂ ಬೆಳಗ್ತಿರೋದ್ರಿಂದ ಜನ ರಾತ್ರೀನೂ ಹಾಗೇ ಓಡಿಸ್ತಾರೆ, ಹಿಂದಿನ ಕೆಂಪು ದೀಪ ಹತ್ತಿರಲ್ಲ, ಹಿಂದೆ ಬರೋರಿಗೆ ಗಾಡಿ ಇರೋದೇ ಕಾಣಲ್ಲ. ಅದಕ್ಕೆ 2021ರ ಸೆಪ್ಟೆಂಬರ್‌ನಿಂದ ಹೊಸ ಗಾಡಿಗಳಿಗೆ ಮತ್ತೊಂದು ರೂಲ್ಸ್ ಬಂತು, ಕತ್ತಲಾದ್ರೆ ದೀಪ ತಾನಾಗೇ ಹತ್ತಬೇಕು, ಇಲ್ಲಾ ಹಗಲು ದೀಪದ ಜೊತೆ ಹಿಂದಿನದೂ ಹತ್ತಬೇಕು, ಅದೂ ಇಲ್ಲ ಅಂದ್ರೆ ಡ್ಯಾಶ್‌ಬೋರ್ಡ್ ಕತ್ತಲಾಗಿದ್ದು ಡ್ರೈವರಿಗೇ ಎಚ್ಚರ ಆಗ್ಬೇಕು. ಒಂದು ರೂಲ್ಸ್ ಮಾಡಿ ಸುಮ್ನೆ ಕೂತಿಲ್ಲ, ರಸ್ತೇಲಿ ಏನಾಗ್ತಿದೆ ಅಂತ ನೋಡ್ತಾ ಇದ್ದಾರೆ ಅಂತ ಇದರಿಂದ ನನಗೆ ಅನಿಸ್ತು.

ನಮ್ಮ ವ್ಯಾನಲ್ಲಿ ಆ ಹಗಲು ದೀಪದ ಸೌಲಭ್ಯ ಇದ್ದೇ ಇತ್ತು, ಅಮೆರಿಕದ ಸೆಟ್ಟಿಂಗಲ್ಲಿ ಆಫ್ ಆಗಿತ್ತು ಅಷ್ಟೇ. ಮೆಕ್ಯಾನಿಕ್ ಕಂಪ್ಯೂಟರ್ ಕನೆಕ್ಟ್ ಮಾಡಿ ಆನ್ ಮಾಡಿದ.

ಇಮೊಬಿಲೈಸರ್ ಕಥೆ ಇದಕ್ಕಿಂತ ಗಟ್ಟಿಯಾದದ್ದು. ಸರಿಯಾದ ಕೀಲಿಯ ಒಳಗಿರೋ ಚಿಪ್ ಸಿಗದೆ ಎಂಜಿನ್ ಶುರುವಾಗಬಾರದು, ಅದು ಇಮೊಬಿಲೈಸರ್. 2007ರ ಸೆಪ್ಟೆಂಬರ್ 1ರಿಂದ ತಯಾರಾದ ಕಾರುಗಳಿಗೆ ಕೆನಡಾ ಇದನ್ನ ಕಡ್ಡಾಯ ಮಾಡ್ತು. ಆ ಕಾಲದಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರ ಕಾರು ಕಳ್ಳತನಕ್ಕೆ ಇಡೀ ದೇಶದಲ್ಲೇ ಕುಖ್ಯಾತ, ಹದಿಹರೆಯದ ಹುಡುಗರು ಕದ್ದು ಅಡ್ಡಾದಿಡ್ಡಿ ಓಡಿಸಿ ಜನ ಸಾಯ್ತಿದ್ರು, ಮ್ಯಾನಿಟೋಬಾ ಸರ್ಕಾರಿ ಇನ್ಶೂರೆನ್ಸ್‌ನವರು ಅಪಾಯ ಜಾಸ್ತಿ ಇರೋ ಹಳೇ ಗಾಡಿಗಳಿಗೂ ಇಮೊಬಿಲೈಸರ್ ಹಾಕಿಸಲೇಬೇಕು ಅಂತ ಮಾಡಿದ್ರು, ಅಲ್ಲಿ ಕಳ್ಳತನ ತೀರಾ ಕಮ್ಮಿ ಆಯ್ತು. ಅಮೆರಿಕ ಕಡ್ಡಾಯ ಮಾಡಲಿಲ್ಲ. ಪರಿಣಾಮ ಕಾಣಿಸಿದ್ದು 15 ವರ್ಷ ಆದ್ಮೇಲೆ. ಕಿಯಾ ಮತ್ತೆ ಹ್ಯುಂಡೈ ಕೆಲವು ಮಾಡೆಲ್‌ಗಳನ್ನ ಅಮೆರಿಕದಲ್ಲಿ ಇಮೊಬಿಲೈಸರ್ ಇಲ್ಲದೆ ಮಾರಿದ್ರು, ಅವನ್ನ ಒಂದು ಯುಎಸ್‌ಬಿ ಕೇಬಲ್ ತುದಿ ಇಟ್ಟು ತಿರುಗಿಸಿ ಕದಿಯೋದು ಹೇಗೆ ಅಂತ ಟಿಕ್‌ಟಾಕಲ್ಲಿ ವಿಡಿಯೋ ಹರಡಿ, ಊರೂರಲ್ಲಿ ಹುಡುಗರು ಕದಿಯೋಕೆ ಶುರು ಮಾಡಿದ್ರು. 2023ರ ಫೆಬ್ರವರೀಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹೇಳಿದ ಪ್ರಕಾರ ಆ ಹೊತ್ತಿಗೆ ಕನಿಷ್ಠ 14 ಅಪಘಾತ, 8 ಸಾವು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಕಾದ ಗಾಡಿಗಳು ಸುಮಾರು 83 ಲಕ್ಷ. ಅದೇ ಕಂಪನಿಗಳ ಅದೇ ಮಾಡೆಲ್‌ಗಳು ಕೆನಡಾದಲ್ಲೂ ಓಡ್ತಿದ್ವು, ಇಲ್ಲಿ ಆ ಹುಚ್ಚು ಹಬ್ಬಲಿಲ್ಲ, ಯಾಕಂದ್ರೆ ಇಲ್ಲಿನ ಗಾಡೀಲಿ ಚಿಪ್ ಇತ್ತು. ಒಂದು ಸಣ್ಣ ಚಿಪ್, ಫಾರ್ಮಲ್ಲಿ ಒಂದು ಟಿಕ್ ಮಾರ್ಕ್. ಗಡೀಲಿ ನಿಂತು ಈ ಟಿಕ್ ಮಾರ್ಕ್ ಯಾಕಪ್ಪಾ ಅಂತ ಗೊಣಗೋರಿಗೆ ನಾನು ಈ ವಿಷಯ ಹೇಳ್ತೀನಿ.

ಮೂರನೇದು ಮಗುವಿನ ಸೀಟು, ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಮುಂದಕ್ಕೆ ಮುಖ ಮಾಡಿ ಕೂರಿಸೋ ಸೀಟಿನ ಮೇಲ್ಭಾಗದಿಂದ ಒಂದು ಪಟ್ಟಿ ಹಿಂದಕ್ಕೆ ಬಂದು ಗಾಡಿಯ ಒಂದು ಕೊಕ್ಕೆಗೆ ಸಿಕ್ಕಿಸಬೇಕು, ಡಿಕ್ಕಿ ಆದಾಗ ಸೀಟು ಮುಂದಕ್ಕೆ ವಾಲಿ ಮಗುವಿನ ತಲೆ ಮುಂದಿನ ಸೀಟಿಗೆ ಹೊಡೀದೆ ಇರೋಕೆ. ಕೆನಡಾ 1989ರಿಂದಲೇ ಕಾರುಗಳಲ್ಲಿ ಆ ಪಟ್ಟಿ ಕಟ್ಟೋಕೆ ಜಾಗ ಇರಲೇಬೇಕು ಅಂತ ಮಾಡಿತ್ತು, ಅಮೆರಿಕದಲ್ಲಿ ಅದು ಪೂರ್ತಿ ಕಡ್ಡಾಯ ಆಗಿದ್ದು 2000ದ ಸೆಪ್ಟೆಂಬರ್‌ನಲ್ಲಿ. ಈಗ ಎರಡೂ ಕಡೆ ಒಂದೇ, ನಮ್ಮ ವ್ಯಾನಲ್ಲೂ ಕೊಕ್ಕೆ ಇತ್ತು. ಆದ್ರೂ ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ನದಿಯ ಈ ದಡದಲ್ಲಿ ಮಗುವಿನ ತಲೆ ಕಾಯೋ ಆ ಕೊಕ್ಕೆಗೆ ಜಾಗ ಕಡ್ಡಾಯ ಇತ್ತು, ಆ ದಡದಲ್ಲಿ ಪೂರ್ತಿ ಕಡ್ಡಾಯ ಇರಲಿಲ್ಲ, ಅದೇ ಫ್ಯಾಕ್ಟರಿಗಳಿಂದ ಗಾಡಿ ಎರಡೂ ಕಡೆ ಹೋಗ್ತಿದ್ವು. ಮಗಳ ಸೀಟು ಕಟ್ಟೋವಾಗ ಹೆಂಡ್ತಿಗೆ ಇದನ್ನ ಹೇಳಿದೆ, ಅವಳು ಏನೂ ಮಾತಾಡದೆ ಆ ಪಟ್ಟೀನ ಇನ್ನೊಂದು ಸಲ ಎಳೆದು ಬಿಗಿ ಮಾಡಿದ್ಲು.

ರಿಕಾಲ್ ಲೆಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಈ ಗಾಡಿ ಮೇಲೆ ಬಾಕಿ ರಿಕಾಲ್ (ಲೋಪ ಸರಿಮಾಡೋಕೆ ಕಂಪನಿನೇ ಗಾಡಿ ವಾಪಸ್ ಕರೆಸೋದು) ಯಾವುದೂ ಇಲ್ಲ ಅಂತ ತಯಾರಕರ ಕಡೆಯಿಂದ ಪುರಾವೆ ಕೊಡ್ಬೇಕು. ನಮ್ಮದಕ್ಕೆ ಬಾಕಿ ಏನೂ ಇರಲಿಲ್ಲ. ಇದು ಯಾಕೆ ಮುಖ್ಯ ಅನ್ನೋದಕ್ಕೆ ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಸಾಕು. ಅದರಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವ ಸಿಕ್ಕಿದ್ರೆ ಹಾಳಾಗಿ, ಏರ್‌ಬ್ಯಾಗ್ ಬಿಚ್ಚೋವಾಗ ಲೋಹದ ಡಬ್ಬಿನೇ ಸಿಡಿದು ಚೂರುಗಳು ಎದುರಿಗೆ ಕೂತವರಿಗೆ ಚುಚ್ಚೋದು, ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ರಿಕಾಲ್ ಆದ್ವು. ಇಲ್ಲಿ ಗಮನಿಸಬೇಕಾದ್ದು ಆ ಗಾಡಿ ಎಲ್ಲಿ ಬಾಳಿ ಬದುಕಿತ್ತು ಅನ್ನೋದು. ಫ್ಲೋರಿಡಾ, ಟೆಕ್ಸಾಸ್ ಕಡೆ ಇದ್ದ ಗಾಡಿಗೆ ಅಪಾಯ ಜಾಸ್ತಿ. ನಮ್ಮ ಕಡೆ ಜನ ದಕ್ಷಿಣದ ಗಾಡಿ ಅಂದ್ರೆ ಬಾಯಿ ಬಿಡ್ತಾರೆ, ಉಪ್ಪು ಹಾಕಿದ ರಸ್ತೇಲಿ ಓಡಿಲ್ಲ, ಅಡಿಗೆ ತುಕ್ಕು ಹಿಡಿದಿರಲ್ಲ ಅಂತ. ತುಕ್ಕು ಇರಲ್ಲ ನಿಜ, ಆದ್ರೆ ದಕ್ಷಿಣಕ್ಕೆ ಅದರದೇ ಆದ ಕಾಯಿಲೆ ಇದೆ, 2005ರ ಕತ್ರೀನಾ, 2017ರ ಹಾರ್ವೆ ಚಂಡಮಾರುತದಲ್ಲಿ ನೀರಲ್ಲಿ ಮುಳುಗಿದ ಗಾಡಿಗಳನ್ನ ಒಣಗಿಸಿ ತೊಳೆದು, ಇನ್ನೊಂದು ರಾಜ್ಯದಲ್ಲಿ ಹೊಸ ಟೈಟಲ್ ಮಾಡಿಸಿ, ಮುಳುಗಿದ್ದು ಅನ್ನೋ ಗುರುತೇ ಇಲ್ಲದ ಹಾಗೆ ಮಾಡಿ ಮಾರೋರಿದ್ದಾರೆ. ಟೈಟಲ್ ಹಿಸ್ಟರಿ ತೆಗೆಸೋಕೆ ಕೊಡೋ ದುಡ್ಡು ಉಳಿಸಬೇಡಿ. ಸೀಟ್ ಬೆಲ್ಟನ್ನ ಪೂರ್ತಿ ಎಳೆದು ಅದರ ಕೊನೇ ಭಾಗ ನೋಡಿ, ಮಣ್ಣಿನ ಕಲೆ ಅಲ್ಲಿ ಉಳಿದಿರುತ್ತೆ. ಮೈಲಿ ಲೆಕ್ಕಾನೂ ಅಷ್ಟೇ, 62 ಸಾವಿರ ಅಂತ ಓಡೋಮೀಟರಲ್ಲಿ ನೋಡಿದ್ರೆ ಕಮ್ಮಿ ಓಡಿದೆ ಅನ್ಸುತ್ತೆ, ಅದು ಹತ್ತಿರ ಹತ್ತಿರ ಒಂದು ಲಕ್ಷ ಕಿಲೋಮೀಟರ್.

ಇಷ್ಟೆಲ್ಲಾ ರೂಲ್ಸ್ ಪರ ಮಾತಾಡಿದ್ರೂ ಒಂದು ವಿಷಯ ನನಗೆ ಒಪ್ಪಿಗೆ ಇಲ್ಲ. ಅಮೆರಿಕದಿಂದ ಯಾವ ಮಾಡೆಲ್ ತರಬಹುದು, ಯಾವುದು ಆಗಲ್ಲ ಅಂತ ಟ್ರಾನ್ಸ್‌ಪೋರ್ಟ್ ಕೆನಡಾ ಒಂದು ಪಟ್ಟಿ ಇಟ್ಟಿದೆ, ಅದು ತಯಾರಾಗೋದು ಕಾರು ಕಂಪನಿಗಳು ಕೊಟ್ಟ ಮಾಹಿತಿ ಮೇಲೆ. ಕಂಪನಿ ಇದು ಹೊಂದಲ್ಲ ಅಂದ್ರೆ ನಿಮ್ಮ ಗಾಡಿ ಬರಲ್ಲ. ಸುರಕ್ಷತೆ ಬಗ್ಗೆ ತಯಾರಕರಿಗೇ ಚೆನ್ನಾಗಿ ಗೊತ್ತಿರುತ್ತೆ ಅನ್ನೋ ಮಾತು ಸರಿ. ಆದ್ರೆ ಗಡಿ ಮುಚ್ಚಿದ್ರೆ ಅವರಿಗೆ ಲಾಭಾನೂ ಇದೆ. 2002ರ ಜನವರೀಲಿ ಕೆನಡಾ ಡಾಲರ್ 62 ಅಮೆರಿಕನ್ ಸೆಂಟಿಗಿಂತ ಕೆಳಗೆ ಬಿದ್ದಿತ್ತು, ಆಗ ಇಲ್ಲಿನ ಹೊಸ ಕಾರುಗಳು ಅಗ್ಗ ಅಂತ ದಕ್ಷಿಣಕ್ಕೆ ಹೋಗ್ತಿದ್ವು, ಕಂಪನಿಗಳು ಒಟ್ಟಿಗೆ ಸೇರಿ ಅದನ್ನ ತಡೆದ್ರು ಅಂತ ಅಮೆರಿಕದ ಗ್ರಾಹಕರು ಕೇಸ್ ಹಾಕಿದ್ರು, ಅದು ಮೇನ್ ರಾಜ್ಯದ ಫೆಡರಲ್ ಕೋರ್ಟಲ್ಲಿ ವರ್ಷಗಟ್ಟಲೆ ನಡೀತು. ಆರು ವರ್ಷ ಕಳೆಯೋದ್ರೊಳಗೆ ಎಲ್ಲಾ ಉಲ್ಟಾ, 2007ರ ಸೆಪ್ಟೆಂಬರಲ್ಲಿ ಎರಡೂ ಡಾಲರ್ ಸಮ ಆಯ್ತು, 1976ರ ನಂತರ ಮೊದಲ ಸಲ, ನವೆಂಬರಲ್ಲಿ ಕೆನಡಾದ್ದು 1.10 ಅಮೆರಿಕನ್ ಡಾಲರನ್ನೂ ದಾಟ್ತು. ಈ ಸಲ ಇಲ್ಲಿನ ಜನ ಬಫಲೋ, ಡೆಟ್ರಾಯ್ಟ್ ಕಡೆ ಓಡಿದ್ರು, ಯಾಕಂದ್ರೆ ಡಾಲರ್ ಸಮ ಆದ್ರೂ ಕೆನಡಾ ಶೋರೂಮ್ ಬೆಲೆ ಇಳಿದಿರಲಿಲ್ಲ. ಎರಡು ಸಲಾನೂ ಗಾಡಿಯ ಸುರಕ್ಷತೆ ಒಂದೇ ಥರ ಇತ್ತು, ಬದಲಾಗಿದ್ದು ರೇಟು. ಹಾಗಾಗಿ ಯಾವ ಗಾಡಿ ಸುರಕ್ಷಿತ ಅಂತ ಹೇಳೋ ಅಧಿಕಾರ ಅದನ್ನ ಮಾರಿ ದುಡ್ಡು ಮಾಡೋರ ಕೈಲಿ ಇಷ್ಟೊಂದು ಇರಬಾರದು, ಸ್ವತಂತ್ರವಾಗಿ ಪರೀಕ್ಷೆ ಮಾಡೋ ದಾರಿ ಒಂದು ಜನಸಾಮಾನ್ಯರಿಗೂ ಕೈಗೆಟುಕೋ ಬೆಲೇಲಿ ಇರಬೇಕು ಅಂತ ನನ್ನ ಅಭಿಪ್ರಾಯ. ಕೊಕ್ಕೆಗೂ ಚಿಪ್ಪಿಗೂ ನಾನು ತಲೆ ಬಾಗ್ತೀನಿ, ಬೆಲೆ ಕಾಯೋ ಗೋಡೆಗೆ ಬಾಗಲ್ಲ.

ಅಮೆರಿಕದ ದಕ್ಷಿಣದ ಗಡೀಲಿ ಇದೇ ವಿಷಯ ಬೇರೆ ರೂಪದಲ್ಲಿದೆ. ಅಮೆರಿಕದ ಹಳೇ ಕಾರುಗಳು ಮೆಕ್ಸಿಕೋಗೆ ಕಾಗದ ಇಲ್ಲದೆ ಹೋಗಿ ಅಲ್ಲೇ ಉಳ್ಕೊಂಡಿರೋದು ದೊಡ್ಡ ಸಂಖ್ಯೆಯಲ್ಲಿದೆ, ಬಡವರು, ಕೂಲಿ ಕೆಲಸದವರು ಓಡಿಸೋ ಗಾಡಿಗಳು. 2022ರ ಜನವರೀಲಿ ಅಲ್ಲಿನ ಸರ್ಕಾರ 2,500 ಪೆಸೋ ಕಟ್ಟಿದ್ರೆ ಅವನ್ನ ಸಕ್ರಮ ಮಾಡ್ತೀವಿ ಅಂತ ಆದೇಶ ಮಾಡಿ, ಬಂದ ದುಡ್ಡನ್ನ ರಸ್ತೆ ಗುಂಡಿ ಮುಚ್ಚೋಕೆ ಹಾಕ್ತು. ತೆರಿಗೆ ಕಟ್ಟಿ ಕಾರು ತಗೊಂಡವರಿಗೆ ಇದು ಅನ್ಯಾಯ ಅಂತ ಅಲ್ಲಿನ ಡೀಲರುಗಳು ಕೂಗಾಡಿದ್ರು. ನನಗೆ ಎರಡೂ ಕಡೆಯವರ ಮಾತು ಅರ್ಥ ಆಗುತ್ತೆ, ಆದ್ರೆ ನಂಬರ್ ಪ್ಲೇಟೇ ಇಲ್ಲದ ಗಾಡಿ ಯಾರಿಗಾದ್ರೂ ಗುದ್ದಿ ಹೋದ್ರೆ ಹುಡುಕೋಕೂ ಆಗಲ್ಲ, ಅದಕ್ಕಿಂತ ಪಟ್ಟಿಗೆ ಸೇರಿಸಿಕೊಂಡಿದ್ದು ಮೇಲು.

ನಾವು ತಂದಾಗ ಇದ್ದ ಲೆಕ್ಕ ಈಗ ಇಲ್ಲ. 2025ರ ಏಪ್ರಿಲ್ ಮೊದಲ ವಾರ ಅಮೆರಿಕ ಹೊರಗಿನ ಕಾರುಗಳ ಮೇಲೆ ಶೇಕಡಾ 25 ಸುಂಕ ಹಾಕ್ತು, ಏಪ್ರಿಲ್ 9ರಿಂದ ಕೆನಡಾನೂ ಅಮೆರಿಕದಿಂದ ಬರೋ ಕಾರುಗಳ ಮೇಲೆ ಶೇಕಡಾ 25 ಹಾಕ್ತು, ಅಮೆರಿಕ, ಕೆನಡಾ, ಮೆಕ್ಸಿಕೋ ಮೂರೂ ಸೇರಿ ಮಾಡ್ಕೊಂಡ ವ್ಯಾಪಾರ ಒಪ್ಪಂದಕ್ಕೆ ಹೊಂದೋ ಗಾಡಿ ಆದ್ರೆ ಅದರಲ್ಲಿ ಕೆನಡಾ ಮೆಕ್ಸಿಕೋದ್ದಲ್ಲದ ಭಾಗದ ಮೇಲೆ ಮಾತ್ರ. ಅರವತ್ತು ವರ್ಷ ಒಂದೇ ಮನೆಯಂತೆ ನಡೆದ ಉದ್ಯಮಕ್ಕೆ ಹೀಗಾಗಿದ್ದು ನೋಡಿ ವಿಂಡ್ಸರ್ ಕಡೆ ಕೆಲಸ ಮಾಡೋ ಸ್ನೇಹಿತರು ಎಷ್ಟು ಆತಂಕದಲ್ಲಿದ್ದಾರೆ ಅಂತ ನನಗೆ ಗೊತ್ತು.

ಹ್ಯಾಮಿಲ್ಟನಲ್ಲಿರೋ ನಮ್ಮ ಗೆಳೆಯ ಒಬ್ಬ ಮೊನ್ನೆ ಫೋನ್ ಮಾಡಿದ್ದ, ಬಫಲೋದಲ್ಲಿ ಒಂದು ಕಾರು ತುಂಬಾ ಕಮ್ಮಿಗೆ ಸಿಗ್ತಿದೆ, ನೀನು ತಂದಿದ್ಯಲ್ಲ ಹೇಗೆ ತರೋದು ಹೇಳು ಅಂತ. ಮೊದಲು ವಿಐಎನ್ ಕಳಿಸು ಅಂದೆ. ಯಾವ ಮಾಡೆಲ್ ತರಬಹುದು ಅನ್ನೋ ಆ ಪಟ್ಟಿ ನೋಡು, ಟೈಟಲ್ ಹಿಸ್ಟರಿ ತೆಗೆಸು, ಅಡ್ವಾನ್ಸ್ ಕೊಡೋಕೆ ಮುಂಚೆ ರಿಕಾಲ್ ಲೆಟರ್ ಕೈಲಿರಲಿ, ಕಸ್ಟಮ್ಸ್‌ಗೆ ಫೋನ್ ಮಾಡಿ ಇದೇ ಗಾಡಿಗೆ ಈ ತಿಂಗಳು ಒಟ್ಟು ಎಷ್ಟು ಬೀಳುತ್ತೆ ಅಂತ ಕೇಳಿ ಬರ್ಕೋ ಅಂತೆಲ್ಲಾ ಹೇಳ್ತಾ ಹೋದೆ, ಅಷ್ಟರಲ್ಲಿ ಅವನು ಫೋಟೋ ಕಳಿಸಿದ. ಕೀಲಿ ತಿರುಗಿಸಿ ಶುರು ಮಾಡೋ ಗಾಡಿ, ಇಮೊಬಿಲೈಸರ್ ಇಲ್ಲ, ಆ 83 ಲಕ್ಷ ಕಿಯಾ, ಹ್ಯುಂಡೈ ಗಾಡಿಗಳಲ್ಲಿ ಒಂದು. ಅಲ್ಲಿ ಅದು ಅಷ್ಟು ಅಗ್ಗಕ್ಕೆ ಸಿಗ್ತಿರೋದೇ ಆ ಕಾರಣಕ್ಕೆ ಕಣೋ, ಬೇಡ ಅಂದೆ. ಅವನು ಈಗ ಹ್ಯಾಮಿಲ್ಟನಲ್ಲೇ ಹುಡುಕ್ತಾ ಇದ್ದಾನೆ, ಶನಿವಾರ ಒಂದು ನೋಡೋಕೆ ನನ್ನನ್ನೂ ಕರ್ದಿದ್ದಾನೆ.